ಮೋತಿಯ ಪಾಠ, ನನ್ನ ಮೀಸೆ

ನಂಬಬೇಡಿ. ಧೈರ್ಯವಿದ್ದರೆ ಕೊನೆಯವರೆಗೂ ನಂಬದೇ ಇದ್ದು ತೋರಿಸಿ. ಬೆಣ್ಣೆ ಹಚ್ಚಿದ ರೊಟ್ಟಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ಒಂದು ಬೀದಿನಾಯಿಗೆ ಕಲಿಸಿದ ಮನುಷ್ಯ ನಾನು.

ಮೊನ್ನೆ ಪಕ್ಕದ ಮನೆಯವರು ತಮ್ಮ ನಾಯಿಗೆ 'ಸಿಟ್, ಸಿಟ್' ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಾಯಿ ಆಕಳಿಸಿತು. ಕೊನೆಗೆ ಸುಸ್ತಾಗಿ ಕುಳಿತವರು ಅವರೇ. (ಪಾಪ, ಟ್ರೇನರ್ ಬೇರೆ ಇಟ್ಟಿದ್ದಾರೆ.)

"ಅದಕ್ಕ ಟ್ರೇನರ್ ಯಾಕ್ರೀ? ನಮ್ಮೂರು ಮಸ್ಕಿಯೊಳಗ ನನ್ನ ಮೋತಿ..." ಎಂದು ಕಾಂಪೌಂಡ್ ಮೇಲಿಂದ ಶುರು ಮಾಡಿದೆ. ಬಾಗಿಲು ಹಾಕಿಕೊಂಡರು. ನಿಮಗೆ ಹಾಕಿಕೊಳ್ಳಲು ಬಾಗಿಲಿಲ್ಲ, ಕೇಳಿ.

ನಿಜಾಮನ ಆಳ್ವಿಕೆ ಮುಗಿದು ಎರಡು-ಮೂರು ವರ್ಷವಾಗಿತ್ತು. ಹುಕುಂ ಕೊಡುವವರೆಲ್ಲ ಹೊಸಬರು. ನನಗೂ ಯಾರಿಗಾದರೂ ಹುಕುಂ ಕೊಡುವ ಆಸೆ. ಮೀಸೆ ಆಗಷ್ಟೇ ದಪ್ಪವಾಗಿತ್ತು. ಕೈಗೆ ಸಿಕ್ಕಿದ್ದು ಬೀದಿನಾಯಿ ಮೋತಿ ಒಬ್ಬನೇ.

ನಮ್ಮ ಮನೆಯಲ್ಲಿ ಅಪ್ಪ ಪೂಜೆ ಮುಗಿಸಿ ಗಂಟೆ ಬಾರಿಸುವವರೆಗೆ ಯಾರ ಬಾಯಿಗೂ ತುತ್ತಿಲ್ಲ. ಆ ಹಸಿವಿನ ಹೊತ್ತೇ ನನ್ನ ಶಾಲೆ. ರೊಟ್ಟಿ ಚೂರನ್ನು ಮೋತಿಯ ಮೂಗಿನ ಮೇಲೆ ಎತ್ತಿ ಹಿಡಿಯುವುದು. ತಲೆ ಮೇಲೆ ಹೋದರೆ ಕುಂಡೆ ತಾನಾಗಿ ನೆಲಕ್ಕೆ. "ಕುಂಡ್ರು!" ಆಮೇಲೆ ರೊಟ್ಟಿ ಕೆಳಗಿಟ್ಟು, "ತಡಿ!" ಬಾಯಿ ಹಾಕಲು ಬಂದರೆ ರೊಟ್ಟಿಯ ಮೇಲೆ ನನ್ನ ಅಂಗೈ. ಒಳಗೆ ಗಂಟೆಯ ಸದ್ದು ಬಂತೋ, "ತಿನ್ನು!" ಅವನೂ ತಿಂದ, ನಾನೂ ತಿಂದೆ. ಹೊಡೆತವಿಲ್ಲ, ಬೈಗುಳವಿಲ್ಲ. ಆಗಿನ ಯಾವ ಮಾಸ್ತರು ಮಕ್ಕಳಿಗೆ ಇಷ್ಟು ಮರ್ಯಾದೆ ಕೊಡುತ್ತಿದ್ದರು?

ಎದುರು ಅಂಗಡಿಯ ದರ್ಜಿ ಖಾದರ ನನ್ನ ಜೀವದ ಗೆಳೆಯ. ಅವನೇ ನಂಬಲಿಲ್ಲ.

"ನಿಮ್ಮಪ್ಪನ ಮಾತು ನೀನ ಕೇಳಂಗಿಲ್ಲ. ನಿನ್ನ ಮಾತು ನಾಯಿ ಕೇಳ್ತೈತೇನಲೇ?"

"ಕೇಳ್ಲಿಲ್ಲಂದ್ರ ಮೀಸಿ ಬೋಳಿಸ್ತೀನಿ!"

ಅಂದುಬಿಟ್ಟೆ. ನಮ್ಮ ಮಂದಿಯಲ್ಲಿ ಮಗ ಮೀಸೆ ಬೋಳಿಸುವುದು ಅಪ್ಪ ಸತ್ತಾಗ ಮಾತ್ರ. ನನ್ನ ಅಪ್ಪನೋ, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ. ತಲೆ ಎತ್ತಿದ.

"ಲೇ ಮಗನ, ಬೋಳಿಸ್ಕೊಂಡು ಸಂತಿಯೊಳಗ ಅಡ್ಡಾಡಿದಿ ಅಂದ್ರ ಮಂದಿ ನನ್ನ ಮಣ್ಣಿಗಿ ಬರ್ತಾರ. ನಾ ಇನ್ನಾ ಜೀವಂತ ಅದೀನಿ!"

"ಬರ್ಲಿ ಬಿಡ್ರಿ ಕಾಕಾ, ಬಂದವ್ರಿಗೆಲ್ಲ ನಾ ಚಾ ಕುಡಿಸಿ ಕಳಸ್ತೀನಿ," ಅಂದ ಖಾದರ.

ಅವನ ಅಂಗಡಿಯ ಮುಂದೆಯೇ ಪರೀಕ್ಷೆ. ಒಣರೊಟ್ಟಿಯಾದರೆ ನಾಯಿಗೆ ಆಸೆ ಸಾಲದೆಂದು ಖಾದರ ತಾನೇ ಬೆಣ್ಣೆ ಹಚ್ಚಿದ. ಕ್ಷೌರದವನು ಕತ್ತಿ ಮಸೆಯುತ್ತ ಕುಳಿತ.

"ಕುಂಡ್ರು!" ಮೋತಿ ಕುಳಿತ. "ತಡಿ!" ತಡೆದ. ಬಿಸಿಲಿಗೆ ಬೆಣ್ಣೆ ಕರಗಿತು, ಅವನ ಜೊಲ್ಲು ಸುರಿಯಿತು, ಮೂತಿ ಅಲುಗಲಿಲ್ಲ. ನೆರೆದವರು ಬೆರಗಾದರು. ನಾನು ಮೀಸೆ ತಿರುವಿ ಹುಕುಂ ಕೊಟ್ಟೆ.

"ತಿನ್ನು!"

ತಿನ್ನಲಿಲ್ಲ.

"ತಿನ್ನಲೇ ಮೋತಿ!"

ಅವನು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದು ನಮ್ಮ ಮನೆಯ ಬಾಗಿಲ ಕಡೆಗೆ. ಆಗ ಹೊಳೆಯಿತು. ಇಷ್ಟು ದಿನ ಈ ಮಗ ಕಾದದ್ದು ನನ್ನ ಮಾತಿಗಲ್ಲ, ಅಪ್ಪನ ಗಂಟೆಗೆ!

"ಕೇಳವಲ್ದು, ಕೇಳವಲ್ದು!" ಎಂದು ಖಾದರ ಕುಣಿದ. ಕ್ಷೌರದವನು ನನ್ನ ಮೀಸೆಗೆ ನೀರು ಹಚ್ಚಿದ. ಅಷ್ಟರಲ್ಲಿ ಲಿಂಗಸುಗೂರಿನ ದಾರಿಯಿಂದ ಒಂದು ಗಾಡಿ ಬಂತು ನೋಡಿ, ಎತ್ತಿನ ಕೊರಳಲ್ಲಿ ಗಂಟೆ! ಸದ್ದು ಕೇಳಿದ್ದೇ ತಡ, ಗಂಟಲು ಹರಿಯುವಂತೆ "ತಿನ್ನು!" ಎಂದೆ. ರೊಟ್ಟಿ ಮಾಯ.

"ಮೋಸಲೇ! ಅದು ಗಂಟಿಗಿ ತಿಂತು, ನಿನ್ನ ಮಾತಿಗಲ್ಲ!"

"ನಾ ಅಂದ್ಮ್ಯಾಲೆ ತಿಂತೋ ಇಲ್ಲೋ? ಅದನ್ನ ಹೇಳು."

ಒದ್ದೆ ಮೀಸೆ ಒರೆಸಿಕೊಂಡು ಎದ್ದೆ. ಅಂದಿನಿಂದ, ಹುಕುಂ ಕೊಟ್ಟು ಬೀಗುವ ದೊಡ್ಡವರನ್ನು ಕಂಡರೆ ನನಗೆ ಒಂದೇ ಕುತೂಹಲ: ಇವರ ಮಂದಿ ಕೇಳುತ್ತಿರುವುದು ಇವರ ಮಾತೋ, ಹಿಂದೆ ಬಾರಿಸುವ ಇನ್ಯಾರದೋ ಗಂಟೆಯೋ?

ನಂಬಿದಿರಲ್ಲ? ಸರಿ, ಎಲ್ಲವೂ ನಿಜ, ಒಂದನ್ನು ಬಿಟ್ಟು. ಆ ದಿನ ಯಾವ ಗಾಡಿಯೂ ಬರಲಿಲ್ಲ. ನಾನು ತಿರುಗಿ ನೋಡಿದಾಗ ಕಟ್ಟೆಯ ಮೇಲೆ ಅಪ್ಪ ಇರಲಿಲ್ಲ, ಗಂಟೆ ಕೇಳಿದ್ದು ನಮ್ಮ ಮನೆಯೊಳಗಿಂದ.