ಹಳೇ ಮುಖದ ಹೊಸ ಡಾಕ್ಟರು

ಆ ದಿನ ಬೆಳಿಗ್ಗೆ ಚಳ್ಳಕೆರೆಯ ನಮ್ಮ ಬೀದಿ ನಲ್ಲಿಯ ಹತ್ತಿರ ಒಂದು ಕೊಲೆಯ ವಿಚಾರಣೆ ನಡೆಯುತ್ತಿತ್ತು. ಕೊಲೆ ಆಗಿದ್ದು ಹಿಂದಿನ ರಾತ್ರಿ, ಟಿವಿಯಲ್ಲಿ.

ವಾರಕ್ಕೊಮ್ಮೆ ಬರುವ ಧಾರಾವಾಹಿ ಅದು. ಒಂದು ಕೊಲೆಯ ಕಥೆ ಕೆಲವು ವಾರ ಓಡಿ ಮುಗಿಯುತ್ತಿತ್ತು. ಆಮೇಲೆ ಒಂದೆರಡು ತಿಂಗಳು ಬಿಟ್ಟು ಬೇರೆ ಊರು, ಬೇರೆ ಮನೆ, ಬೇರೆ ಹೆಣ. ನಟರು ಮಾತ್ರ ಬಹುಪಾಲು ಅವರೇ. ಕರೆಂಟು ನಮ್ಮ ಬೀದಿಗೆ ಅರ್ಧ ಕಥೆ ತೋರಿಸಿ ಹೋದರೆ, ಉಳಿದರ್ಧಕ್ಕೆ ಹಿಂದಿನ ಬೀದಿಗೆ ಬರುತ್ತಿತ್ತು. ಹಾಗಾಗಿ ಬೆಳಿಗ್ಗೆ ಕೊಡ ಸಾಲಿಗಿಟ್ಟು ಎರಡೂ ಬೀದಿಯವರು ಕೂಡಿ ಕಥೆ ಜೋಡಿಸುತ್ತಿದ್ದರು. ನೀರು ಹಿಡಿಯುವುದು ಹೆಂಗಸರ ಕೆಲಸ ಅನ್ನುತ್ತಿದ್ದ ನಾನು, ಧಾರಾವಾಹಿಯ ಮರುದಿನ ಮಾತ್ರ ಕೊಡ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದೆ.

ಹೊಸ ಕಥೆ ಶುರುವಾಗಿತ್ತು. ಹಿಂದಿನ ಕಥೆಯಲ್ಲಿ ಕೊಲೆ ಮಾಡಿ ಜೈಲಿಗೆ ಹೋದವನು ಇದರಲ್ಲಿ ಕನ್ನಡಕ ಹಾಕಿಕೊಂಡು ಡಾಕ್ಟರಾಗಿ ಬಂದಿದ್ದ. ಪಕ್ಕದ ಮನೆಯ ಅಜ್ಜಿ, ಆಂಧ್ರದ ಕಡೆಯವರು, ಅವನನ್ನು ಯಾವಾಗ ಬಿಟ್ಟರು ಎಂದು ಕೇಳಿದರು. ನನ್ನ ಹೆಂಡತಿಗೆ ಅನುಮಾನವೇ ಇರಲಿಲ್ಲ.

"ಅವನೇ ಕೊಂದಿರೋದು," ಅಂದಳು.

ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ ನಾನು ಬಿಡುತ್ತೇನೆಯೇ? ನಟ ಬೇರೆ, ಪಾತ್ರ ಬೇರೆ ಎಂದು ಭಾಷಣ ಮಾಡಿದೆ. ಕೊಂದವನು ತೋಟದ ಮಾಲಿ, ಅವನ ಕೈಯ ಕತ್ತರಿಯನ್ನು ಸುಮ್ಮನೆ ತೋರಿಸಿಲ್ಲ ಎಂದು ತೀರ್ಪನ್ನೂ ಕೊಟ್ಟೆ.

"ಕಥೆ ಬದಲಾಯಿಸ್ತಾರೆ ಕಣ್ರೀ, ಮುಖ ಬದಲಾಗ್ತೈತಾ? ಆ ಕಣ್ಣು ನೋಡ್ರಿ. ನೀವು ಮಾಲಿ ಹತ್ರ ಹೋಗ್ರಿ, ಕತ್ರಿ ಐತಲ್ಲ, ಮೀಸೆ ಸರಿ ಮಾಡಿಸ್ಕಂಡು ಬರ್ರಿ," ಅಂದಳು ಹೆಂಡತಿ.

ನಲ್ಲಿಯ ಹತ್ತಿರ ಇದ್ದವರೆಲ್ಲ ನಕ್ಕರು. ಕಥೆ ಮುಗಿಯಲಿ, ಆಗ ಗೊತ್ತಾಗುತ್ತದೆ ಎಂದು ಮುಖ ಊದಿಸಿಕೊಂಡು ಎಣ್ಣೆ ಮಿಲ್ಲಿಗೆ ಹೋದೆ.

ಮರುದಿನ ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಾ ಕೂತಲ್ಲೇ ಒರಗಿದಳಂತೆ. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಆಮೇಲೆ ಊರೇ ನನ್ನ ಮೇಲೆ ಕರುಣೆ ತೋರಿಸಿತು. ಟಿವಿ ಮೇಲೆ ಯಾರೋ ಟವೆಲ್ ಹೊದಿಸಿದರು. ಮಿಲ್ಲಿನಲ್ಲಿ ಡಾಕ್ಟರು, ಮಾಲಿ ಎಂದು ಜಗಳ ಆಡುತ್ತಿದ್ದವರು ನನ್ನನ್ನು ಕಂಡರೆ ಶೇಂಗಾ ಮಾತಿಗೆ ಇಳಿಯುತ್ತಿದ್ದರು. ಹೆಂಡತಿ ಸತ್ತವನು ಕೊಲೆಗಾರ ಯಾರು ಎಂದು ಹೇಗೆ ಕೇಳುವುದು? ಮೊಳಕಾಲ್ಮೂರಿನ ಅವಳ ತವರಿಗೆ ಹೋದೆ. ಬೇಕೆಂದೇ ಧಾರಾವಾಹಿಯ ದಿನವೇ ಹೋಗಿದ್ದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾವ ಗಡಬಡಿಸಿ ಎದ್ದು ಟಿವಿ ಆರಿಸಿದರು. ಆರುವ ಮುಂಚೆ ಡಾಕ್ಟರನ ಮುಖ ಕಂಡಿತು. ಹಾಕಿ ಅನ್ನಲು ಬಾಯಿ ಬರಲಿಲ್ಲ. ನಾನೂ ಅವರೂ ಚಹಾ ಕುಡಿಯುತ್ತಾ ಕಪ್ಪು ಪರದೆಯನ್ನೇ ನೋಡಿಕೊಂಡು ಕೂತೆವು. ಅವರಿಗೂ ನೋಡುವ ಆಸೆ ಇತ್ತು ಅಂತ ಈಗ ಅನ್ನಿಸುತ್ತದೆ.

ಕಥೆ ಮುಗಿದ ವಾರ, ತಡೆಯಲಾರದೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿಯೇಬಿಟ್ಟೆ. ಅವರು ಸೆರಗು ಬಾಯಿಗೆ ಹಿಡಿದರು.

"ಅವನೇ ನಾಯನಾ. ಆ ಡಾಕ್ಟರೇ."

ನನಗೆ ಮೊದಲು ಬಂದದ್ದು ಸಿಟ್ಟು. ಉತ್ತರ ಸರಿ ಇರಬಹುದು, ದಾರಿ ತಪ್ಪು. ಮುಖ ನೋಡಿ ಹೇಳಿದ್ದು ಲೆಕ್ಕಕ್ಕಿಲ್ಲ. ಹೀಗೆಲ್ಲ ವಾದ ಕಟ್ಟಿಕೊಂಡು ಮನೆಯೊಳಗೆ ಬಂದು, ಅಡುಗೆಮನೆ ಬಾಗಿಲವರೆಗೂ ಹೋದೆ. ಅಲ್ಲಿ ನಿಂತು ಹೇಳಲು ಬಾಯಿ ಕೂಡ ತೆರೆದೆ.

ಹೊಸ ಕಥೆಗಳು ಬರುತ್ತಲೇ ಇವೆ. ಮೊದಲ ವಾರವೇ ಕೊಲೆಗಾರ ಇಂಥವನು ಎಂದು ಗಟ್ಟಿಯಾಗಿ ಹೇಳುತ್ತೇನೆ. ಅಲ್ಲ ಅನ್ನುವವರು ಮನೆಯಲ್ಲಿ ಇಲ್ಲ.