ಎಲ್ಲಿಗೆ ಎಂದು ಕೇಳದವಳು

ಇವತ್ತು ಬೆಳಿಗ್ಗೆ ನವುಲೆಯಿಂದ ಮನೆಗೆ ಬರುವಾಗ ಸವಳಂಗ ರಸ್ತೆಯಲ್ಲಿ ವಾಹನಗಳೆಲ್ಲ ನಿಂತುಬಿಟ್ಟಿದ್ದವು. ಮುಂದಿದ್ದ ಲಗೇಜ್ ಆಟೊದಿಂದ ಕ್ಲಚ್ ಸುಟ್ಟ ವಾಸನೆ ಬಂತು. ಆ ವಾಸನೆ ನಿಮಗೂ ಗೊತ್ತಿರಬಹುದು, ಮೂಗಿಗಿಂತ ಮೊದಲು ಗಂಟಲಿಗೆ ಹೋಗಿ ಕೂರುತ್ತದೆ. ಬೇರೆಯವರಾದರೆ ಕಿಟಕಿ ಏರಿಸಿ ಸುಮ್ಮನಾಗುತ್ತಾರೆ. ನನಗೆ ಎಡಗಾಲು ನೋಯತೊಡಗುತ್ತದೆ. ವಾಸನೆಗೂ ಕಾಲಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಅದಕ್ಕೆ ಮೂರು ವರ್ಷದ ಹಿಂದಿನ ಒಂದು ಶನಿವಾರಕ್ಕೆ ಹೋಗಬೇಕು.

ನಾನು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ಐವತ್ತು ದಾಟುವವರೆಗೆ ನನ್ನ ದೊಡ್ಡ ಸಾಹಸವೆಂದರೆ ಹೆಲ್ಮೆಟ್ ಇಲ್ಲದೆ ಹಾಲು ತರಲು ಹೋಗುವುದು. ಆಮೇಲೆ ಅದೇನು ಗ್ರಹಚಾರವೋ, ಒಬ್ಬೊಬ್ಬರೇ ಜೀಪು ಹತ್ತಿ ರಸ್ತೆಯಿಲ್ಲದ ಕಡೆ ನುಗ್ಗಿ, ನೀರಿನ ಪಕ್ಕ ಟೆಂಟು ಹಾಕಿ, ಒಂಟಿಯಾಗಿ ಕಾಫಿ ಕುಡಿಯುವವರ ವಿಡಿಯೊ ನೋಡುವ ಚಟ ಹತ್ತಿತು. ನೋಡಿ ನೋಡಿ ಒಂದು ಹಳೆಯ ಫೋರ್ ವೀಲ್ ಜೀಪನ್ನೇ ತಂದೆ. ಅದರ ಹಿಂದೆ ಟೆಂಟು ಬಂತು, ಹಣೆಗೆ ಕಟ್ಟಿಕೊಳ್ಳುವ ಲೈಟು ಬಂತು, ಗಾಳಿ ತುಂಬಿದರೆ ದೋಣಿಯಾಗುವ ಒಂದು ರಬ್ಬರ್ ಮುದ್ದೆಯೂ ಬಂತು. ನನಗೆ ಈಜು ಬರುವುದಿಲ್ಲ. ಅಂಗಡಿಯವನು ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಹೆಂಡತಿ ಸುಧಾ ಕೂಡ ಏನೂ ಕೇಳಲಿಲ್ಲ. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು, ನಿಮ್ಮ ಮನೆಯಲ್ಲೂ ಇದ್ದೀತು. ಆದರೂ ಜನ ಸುತ್ತಿ ಬಳಸಿ ಕೇಳಿಯೇ ಕೇಳುತ್ತಾರೆ. ದೂರ ಹೊರಟ ಹಾಗಿದೆ ಅನ್ನುತ್ತಾರೆ, ಊಟಕ್ಕೆ ಬರ್ತೀರ ತಾನೆ ಅನ್ನುತ್ತಾರೆ. ಸುಧಾ ಅಷ್ಟನ್ನೂ ಕೇಳುವವಳಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡು ಮೆರೆಯುತ್ತಿದ್ದೆ. ಒಳಗೊಳಗೆ ಮಾತ್ರ ಲೆಕ್ಕ ಕೂಡುತ್ತಿರಲಿಲ್ಲ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ ಎಂದು ಒಂದು ದಿನ ಅನ್ನಿಸಿದರೆ, ನಾನು ಎಲ್ಲಿ ಹಾಳಾಗಿ ಹೋದರೂ ಅವಳಿಗೆ ಅಷ್ಟೇ ಎಂದು ಇನ್ನೊಂದು ದಿನ ಅನ್ನಿಸುತ್ತಿತ್ತು.

ಆ ಶನಿವಾರ ಸಾಮಾನನ್ನೆಲ್ಲ ಜೀಪಿನ ಹಿಂದೆ ಟಾರ್ಪಾಲಿನಡಿ ಮುಚ್ಚಿಟ್ಟು ಹೊರಟೆ. ಸುಧಾ ಬಾಗಿಲಿಗೆ ಬಂದು ಒಂದು ಡಬ್ಬಿ ಕೊಟ್ಟಳು. ‘ಕೋಡುಬಳೆ. ಅಕ್ಕಂಗೆ ಕೊಡಿ’ ಅಂದಳು. ನನ್ನ ಅಕ್ಕ ಇರುವುದು ಭದ್ರಾವತಿಯ ಜನ್ನಾಪುರದಲ್ಲಿ. ಶನಿವಾರ ಹೋಗಿ ಭಾನುವಾರ ಸಂಜೆ ಬರುವುದು ಆಗಾಗ ಇದ್ದದ್ದೇ. ಅಲ್ಲ ಮಾರಾಯ್ತಿ, ಈ ಸಲ ಅಲ್ಲಿಗಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಬೇಡ ಅಂದಾಳು ಎಂಬ ಅಳುಕು. ಡಬ್ಬಿ ತೆಗೆದುಕೊಂಡು ಗಾಡಿ ಬಿಟ್ಟೆ.

ಭದ್ರಾವತಿ ದಾಟಿ, ಡಾಂಬರು ಬಿಟ್ಟು, ನಾಲೆಯ ಏರಿ ಹಿಡಿದು, ನೀಲಗಿರಿ ತೋಪಿನ ನಡುವೆ ಹಾರಿ ಕುಣಿದು ಹೋದರೆ ಒಂದು ಹಳೆಯ ಕೆರೆ. ಸುಳ್ಳು ಯಾಕೆ ಹೇಳಲಿ, ಮೊದಲ ಎರಡು ಗಂಟೆ ಸ್ವರ್ಗವೇ. ದೋಣಿಗೆ ಗಾಳಿ ತುಂಬಿಸಿ, ಮೊಣಕಾಲುದ್ದದ ನೀರಿನಲ್ಲಿ ದಂಡೆಯ ಪಕ್ಕದಲ್ಲೇ ಮೂರು ಸುತ್ತು ಹಾಕಿದೆ. ಆಮೇಲೆ ಜೀಪು, ಟೆಂಟು, ನೀರು ಮೂರೂ ಒಂದೇ ಫೋಟೊದಲ್ಲಿ ಬರಬೇಕು ಎಂಬ ಆಸೆ ಹುಟ್ಟಿತು. ಜೀಪನ್ನು ದಂಡೆಗಿಳಿಸಿದೆ. ಮೇಲೆ ಒಣಗಿದಂತೆ ಕಾಣುತ್ತಿದ್ದ ಮಣ್ಣು ಒಳಗೆ ಕೆಸರು. ಹಿಂದಿನ ಚಕ್ರ ಹೂತಿತು. ರೇಸ್ ಮಾಡಿದಷ್ಟೂ ಇಳಿಯಿತು, ಕ್ಲಚ್ ಸುಟ್ಟು ಹೊಗೆ ಬಂತು. ಚಕ್ರದಡಿ ಕಲ್ಲು ಕೊಡಲು ಬಗ್ಗಿದಾಗ ಜೀಪು ಹಿಂದಕ್ಕೆ ಜಾರಿ ನನ್ನ ಎಡಗಾಲಿಗೆ ಬಡಿಯಿತು. ಮೂಳೆ ಮುರಿದ ಸದ್ದು ನನ್ನ ಕಿವಿಗೇ ಕೇಳಿಸಿತು.

ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಪರವಾಗಿಲ್ಲ, ಸಂಜೆಯೊಳಗೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂದು ಧೈರ್ಯ ತಂದುಕೊಂಡೆ. ಯಾರು ಬರುತ್ತಾರೆ ಎಂದು ಎಣಿಸಲು ಕೂತೆ. ಸುಧಾಳ ಲೆಕ್ಕದಲ್ಲಿ ನಾನು ಜನ್ನಾಪುರದಲ್ಲಿದ್ದೇನೆ. ಅಕ್ಕನ ಲೆಕ್ಕದಲ್ಲಿ ನನ್ನ ಮನೆಯಲ್ಲಿದ್ದೇನೆ. ಸೋಮವಾರ ಮೊದಲ ಪೀರಿಯಡ್ಡಿಗೆ ಮಕ್ಕಳು ನಾನಿಲ್ಲವೆಂದು ಖುಷಿಪಡುತ್ತಾರೆಯೇ ಹೊರತು ದೂರು ಕೊಡುವುದಿಲ್ಲ. ನಾನು ಸತ್ತರೂ ಎರಡು ದಿನ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಂಥ ಭಯ ಅದಕ್ಕೆ ಮೊದಲು ನನಗೆ ಆಗಿರಲಿಲ್ಲ. ಟೆಂಟಿನವರೆಗೂ ತೆವಳಲಾಗದೆ ಜೀಪಿಗೆ ಒರಗಿ, ಅಕ್ಕನ ಪಾಲಿನ ಕೋಡುಬಳೆ ತಿನ್ನುತ್ತಾ ಮರುದಿನದವರೆಗೂ ಕೂತಿದ್ದೆ.

ಭಾನುವಾರ ಹೊತ್ತೇರಿದ ಮೇಲೆ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತಾ ಒಬ್ಬ ಹೆಂಗಸು ಬಂದಳು. ದೂರದಲ್ಲೇ ನಿಂತು ನನ್ನನ್ನು, ಟೆಂಟನ್ನು, ದೋಣಿಯನ್ನು ನೋಡಿದಳು.

‘ಮನೇಲಿ ಜಗಳ ಆಡ್ಕಂಡು ಬಂದ್ರಾ?’ ಅಂದಳು.

‘ಇಲ್ಲಮ್ಮ. ಸುಮ್ನೆ ಬಂದಿದ್ದು.’

‘ಮನೆ ಇರೋರು ಸುಮ್ನೆ ಬಂದು ಇಲ್ಲಿ ಮಲಗ್ತಾರಾ?’ ಹತ್ತಿರ ಬಂದು ಕಾಲು ನೋಡಿದವಳು ದನಿ ತಗ್ಗಿಸಿದಳು. ‘ಅಯ್ಯೋ ಶಿವನೇ. ಯಾವಾಗ ಬಿದ್ರಿ?’

‘ನಿನ್ನೆ ಮಧ್ಯಾಹ್ನ.’

‘ನಿಮ್ಮೋರು ಯಾರೂ ಹುಡುಕ್ಲಿಲ್ವಾ?’

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವಳು ಎಮ್ಮೆಯನ್ನು ಬಿಟ್ಟು ಊರಿಗೆ ಓಡಿ, ಟ್ರ್ಯಾಕ್ಟರ್ ಕರೆಸಿ, ಹುಲ್ಲಿನ ಮೇಲೆ ನನ್ನನ್ನು ಮಲಗಿಸಿ ಕಳಿಸಿದಳು. ಭದ್ರಾವತಿ ಹತ್ತಿರ ಬಂದಾಗ ಫೋನಿಗೆ ಜೀವ ಬಂತು. ಸುಧಾಗೆ ಕರೆ ಮಾಡಿದೆ.

‘ಅಕ್ಕಂಗೆ ಕೋಡುಬಳೆ ಹಿಡಿಸ್ತಾ?’ ಅಂದಳು.

ಆಸ್ಪತ್ರೆಗೆ ಮೊದಲು ಬಂದವಳು ಅಕ್ಕ. ‘ನನ್ನ ಮನೆ ಹೆಸರು ಹೇಳಿ ಕೆರೆ ದಂಡೇಲಿ ಬಿದ್ಕೊಂಡಿದ್ಯಲ್ಲ ಮಾರಾಯ, ನಿನ್ನ ಬುದ್ಧಿಗೇನು ಮಂಕು ಕವಿದಿತ್ತಾ?’ ಎಂದು ಬೈದಳು, ಅತ್ತಳು. ಹಿಂದೆಯೇ ಸುಧಾ ಬಂದು ಮಂಚದ ತುದಿಯಲ್ಲಿ ನಿಂತಳು. ಅಳಲಿಲ್ಲ, ಬೈಯಲಿಲ್ಲ. ಆ ಮೌನ ನೋಡಿ ನನಗೆ ರೇಗಿಹೋಯಿತು. ತಪ್ಪು ನನ್ನದು, ಸುಳ್ಳು ನನ್ನದು, ಆದರೂ ನಾಲಿಗೆ ಹೊರಳಿದ್ದು ಅವಳ ಮೇಲೆ.

‘ಹೊರಡೋವಾಗ ಎಲ್ಲಿಗೆ ಅಂತ ಒಂದು ಮಾತು ಕೇಳಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?’

‘ನಮ್ಮಪ್ಪನ್ನ ಕೇಳಿದ್ದೆ’ ಅಂದಳು.

ಅಕ್ಕ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದಳು.

‘ನಂಗಾಗ ಒಂಬತ್ತು ವರ್ಷ. ಅಪ್ಪ ಫಸ್ಟ್ ಶಿಫ್ಟಿಗೆ ಸೈಕಲ್ ಹತ್ತಿದ್ರು. ಎಲ್ಲಿಗೆ ಅಂತ ಗೊತ್ತಿತ್ತು. ಸುಮ್ನೆ ಮಾತಾಡ್ಸಕ್ಕೆ, ಹಿಂದಿಂದ ಓಡಿ ಹೋಗಿ, ಎಲ್ಲಿಗಪ್ಪಾ ಅಂದೆ. ಅರ್ಧ ದಾರೀಲಿ ಎದೆ ಹಿಡ್ಕೊಂಡು ಬಿದ್ರು. ಈ ಹುಡುಗಿ ಅಡ್ಡ ಬಾಯಿ ಹಾಕಿ ಕೇಳಿದ್ಲು ಅಂತ ತಿಥಿಗೆ ಬಂದೋರಿಗೆಲ್ಲ ಅಜ್ಜಿ ಹೇಳಿದ್ರು. ಆಮೇಲೆ ನಾನು ಯಾರನ್ನೂ ಕೇಳಿಲ್ಲ.’

ಮಾವನವರು ಹೃದಯಾಘಾತದಿಂದ ಹೋದರು ಎಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಪ್ಪತ್ತಾರು ವರ್ಷ ಇದ್ದು ಗೊತ್ತಿರಲಿಲ್ಲ.

‘ನಂಗೆ ಬೇರೆ ಥರ ಕೇಳಕ್ಕೆ ಬರುತ್ತೆ’ ಎಂದು ಅವಳೇ ಮುಂದುವರಿಸಿದಳು. ‘ಡಬ್ಬಿ ಕೊಟ್ಟು ಅಕ್ಕಂಗೆ ಅಂತೀನಿ. ಅಲ್ಲಿಗಲ್ಲ ಅಂದ್ರೆ ನೀವು ಅಲ್ಲ ಅಂತೀರ. ನಿನ್ನೆ ತಗೊಂಡ್ರಿ. ಸರಿ, ಅಕ್ಕನ ಮನೇಲಿ ಇದಾರೆ ಅಂತ ನೆಮ್ಮದಿಯಾಗಿ ನಿದ್ದೆ ಮಾಡಿದೆ ಕಣ್ರೀ.’

ಎಷ್ಟು ಡಬ್ಬಿಗಳು, ಎಷ್ಟು ಸಲ, ಯಾರ್ಯಾರ ಹೆಸರಿನಲ್ಲಿ ನನ್ನ ಕೈಗೆ ಬಂದಿದ್ದವು ಎಂದು ನೆನೆದು ನಾನು ದಂಗಾಗಿ ಮಲಗಿದ್ದೆ. ನಂಬಿಕೆಯೂ ಅಲ್ಲ, ಉದಾಸೀನವೂ ಅಲ್ಲ, ಅವಳನ್ನು ಸುಮ್ಮನಿರಿಸಿದ್ದು ನನ್ನ ಜೀವಕ್ಕೇನಾದೀತೋ ಎಂಬ ಭಯ. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಮೆರೆದಿದ್ದೆ. ನಾಚಿಕೆಯಾಯಿತು.

ಅಲ್ಲಿಂದೀಚೆಗೆ ಹೊರಡುವ ಮೊದಲು ನಾನೇ ಹೇಳುತ್ತೇನೆ. ಮೂಲೆ ಅಂಗಡಿಗೆ, ಬೆಂಕಿಪೊಟ್ಟಣ ತರಕ್ಕೆ ಎಂದು ಕೂಗಿ ಹೇಳುವುದನ್ನು ಕೇಳಿ ಪಕ್ಕದ ಮನೆಯವರು ನಗುತ್ತಾರೆ. ಇವತ್ತು ಬೆಳಿಗ್ಗೆ ಮಾತ್ರ ಯಾವುದೋ ಯೋಚನೆಯಲ್ಲಿ ಮರೆತೆ. ಕಾರು ಸ್ಟಾರ್ಟ್ ಮಾಡಿದ್ದೆ. ಸುಧಾ ಗೇಟಿನವರೆಗೂ ಬಂದು, ‘ಎಲ್ಲಿಗೆ ಹೊರಟ್ರಿ?’ ಅಂದಳು.

ಅಂದವಳೇ ಬಾಯಿಗೆ ಸೆರಗು ಹಿಡಿದಳು.

‘ನವುಲೆಗೆ. ಗುಲಾಬಿ ಸಸಿ ತರಕ್ಕೆ. ಅರ್ಧ ಗಂಟೇಲಿ ಬರ್ತೀನಿ’ ಅಂದೆ.

ಬರುವಾಗ ನಿಮಗೆ ಹೇಳಿದೆನಲ್ಲ, ರಸ್ತೆಯೇ ಕಟ್ಟಿಹೋಗಿತ್ತು. ಅಲ್ಲಿಂದಲೇ ಫೋನ್ ಮಾಡಿ ತಡವಾಗುತ್ತೆ ಎಂದೆ. ‘ಹೂಂ’ ಅಂದಳು. ಅವಳಿಗೆ ಬೇಕಾದದ್ದು ಫೋನಲ್ಲ ಎಂದು ನನಗೂ ಗೊತ್ತಿತ್ತು. ಮನೆ ಮುಟ್ಟುವಾಗ ಒಂದೂಕಾಲು ಗಂಟೆ ಕಳೆದಿತ್ತು. ಅವಳು ಗೇಟಿನಲ್ಲೇ ಇದ್ದಳು. ಒಳಗಿಂದ ಹಾಲು ಉಕ್ಕಿ ಸೀದ ವಾಸನೆ ಬರುತ್ತಿತ್ತು. ನಾನು ಇಳಿದು ಬಂದು ಎದುರು ನಿಂತೆ. ನನ್ನ ತೋಳನ್ನು ಮುಟ್ಟಿ ನೋಡಿದಳು.

‘ಕೇಳಿದ್ರೂ ಬಂದ್ರಿ’ ಅಂದಳು.