ಹೊದಿಕೆಯ ಆಚೆ ಒಂದೊಂದೇ ಕಲ್ಲು

ಬೆಳಗಿನ ಮಂಜು ಇನ್ನೂ ನೆಲ ಬಿಟ್ಟಿಲ್ಲ. ಬಟ್ಟೆ ಒಗೆಯುವ ಕಾರ್ಖಾನೆಯ ಅಂಗಳದಲ್ಲಿ, ನಿನ್ನೆ ಸಂಜೆ ಹರವಿದ ಆಸ್ಪತ್ರೆಯ ಬಿಳಿ ಹೊದಿಕೆಗಳು ಹಗ್ಗದ ಮೇಲೆ ನಿದ್ದೆಗಣ್ಣಲ್ಲಿ ತೂಗುತ್ತಿವೆ. ಮಂಜು ಎಲ್ಲಿ ಮುಗಿಯುತ್ತದೆ, ಹೊದಿಕೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಆ ಬಿಳುಪಿನ ನಡುವೆ ನಡುವಯಸ್ಸಿನ ಹೆಂಗಸೊಬ್ಬರು ಕುಕ್ಕರುಗಾಲಿನಲ್ಲಿ ಕೂತು ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬಿಡಿಸುತ್ತಿದ್ದಾರೆ. ಒಂದು ನಲ್ಲಿ, ಒಂದು ಬಸ್ಸು, ಔಷಧಿ ಬಾಟಲಿ, ದೀಪದ ಕಂಬ, ತೊಟ್ಟಿಲು. ಬಸ್ಸಿಗೆ ಮೂರೇ ಚಕ್ರ ಬಿದ್ದಿವೆ. "ನಾಲ್ಕನೇದು ಪಂಕ್ಚರ್ ಹಾಕಿಸೋಕೆ ಹೋಗಿದೆ" ಎಂದು ತಮ್ಮಷ್ಟಕ್ಕೆ ತಾವೇ ನಗುತ್ತಾರೆ.

ಇವರನ್ನು ಸುತ್ತಮುತ್ತಲಿನವರೆಲ್ಲ ಮೀಟಿಂಗ್ ಅಕ್ಕ ಎಂದೇ ಕರೆಯುತ್ತಾರೆ. ಈ ಭಾಗದ ಬಡತನ ತಗ್ಗಿಸಲು ಐದು ವರ್ಷದ ಯೋಜನೆಯೊಂದು ಸಿದ್ಧವಾಗುತ್ತಿದೆ. ಪ್ರತಿ ಬೀದಿಯ ಜನರನ್ನೂ ಕಲೆಹಾಕಿ, ಅವರಿಗೆ ಮೊದಲು ಬೇಕಾದದ್ದೇನೆಂದು ಅವರಿಂದಲೇ ಕೇಳಿ ಯೋಜನೆಗೆ ಸೇರಿಸಬೇಕೆಂಬುದು ನಿಯಮ. ಬರೆಯುವವರು ಬೇರೆ, ವೇದಿಕೆಯ ಮೇಲೆ ಓದುವವರು ಬೇರೆ. ಜನರನ್ನು ಕರೆತರುವ ಕೆಲಸ ಮಾತ್ರ ಇವರದು, ಮತ್ತು ಅದು ಎಷ್ಟು ಕಷ್ಟವೆಂದು ಮದುವೆ ಮನೆಯವರಿಗಷ್ಟೇ ಗೊತ್ತು.

"ಮೀಟಿಂಗ್‌ಗೆ ಬನ್ನಿ ಅಂದ್ರೆ ಯಾರು ಬರ್ತಾರೆ ಹೇಳಿ? ಅದಕ್ಕೇ ನಾನು ಮೊದಲು ಕುಡಿಯೋಕೆ ನೀರು ಕೇಳ್ತೀನಿ. ನೀರು ಕೊಟ್ಟವರು ಎರಡು ಮಾತು ಆಡೇ ಆಡ್ತಾರೆ. ದಿನಕ್ಕೆ ಮೂವತ್ತು ಮನೆ ಅಂದ್ರೆ ಎಷ್ಟು ನೀರಾಯ್ತು ಲೆಕ್ಕ ಹಾಕಿ. ನನ್ನ ಪಾಡು ನನಗೇ ಗೊತ್ತು" ಎನ್ನುತ್ತಾರೆ.

ಹತ್ತು ವರ್ಷ ಇವರೂ ಇದೇ ಕಾರ್ಖಾನೆಯಲ್ಲಿ ಹೊದಿಕೆ ಇಸ್ತ್ರಿ ಮಾಡಿದವರು. ಬಿಸಿ ಹಬೆಗೆ ಬಲಗೈ ಸುಟ್ಟು ಕೆಲಸ ಬಿಡಬೇಕಾಯಿತು. ಆ ಕೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದ ದಿನಗಳಲ್ಲಿ ನಲ್ಲಿಯ ಹತ್ತಿರ ಜಗಳ ಬಿಡಿಸುವುದೊಂದೇ ಇವರ ಕೆಲಸವಾಗಿತ್ತಂತೆ. ಅಲ್ಲಿ ಇವರ ಗಂಟಲು ಕೇಳಿದ ಯೋಜನೆಯ ಅಧಿಕಾರಿಣಿ ಈ ಕೆಲಸಕ್ಕೆ ಕರೆದರು. ಯೋಜನೆ ಬರೆದು ಮುಗಿದ ದಿನ ಈ ಕೆಲಸವೂ ಮುಗಿಯುತ್ತದೆ. ಅದನ್ನು ನೆನಪಿಸಿದರೆ "ಆಗಿನ್ನೊಂದು ನಲ್ಲಿ ಹುಡುಕಿದರಾಯ್ತು" ಎಂದು ಮಾತು ಹಾರಿಸುತ್ತಾರೆ.

ಗಂಡ ರಾತ್ರಿ ಪಾಳಿಯ ಕಾವಲುಗಾರ. ಇವರು ಹೊರಡುವ ಹೊತ್ತಿಗೆ ಅವರು ಮನೆಗೆ ಬರುತ್ತಾರೆ, ಬಾಗಿಲಲ್ಲೇ ಸಂಸಾರ. "ಊರನ್ನೆಲ್ಲ ಕರೀತಾಳೆ, ನನ್ನನ್ನು ಊಟಕ್ಕೆ ಮಾತ್ರ ಕರೆಯಲ್ಲ" ಎಂಬುದು ಅವರ ದೂರು. ರಜೆಯ ದಿನ ಪಕ್ಕದಲ್ಲಿ ಮಲಗಿದರೆ ಹೆಂಡತಿ ನಿದ್ದೆಯಲ್ಲೂ "ಬನ್ನಿ ಬನ್ನಿ, ಒಂದು ಗಳಿಗೆ ಕೂತ್ಕೊಳ್ಳಿ" ಎನ್ನುತ್ತಾರಂತೆ. ಕನಸಿನಲ್ಲೂ ಬಾಗಿಲುಗಳೇ ಬರುತ್ತವೆ ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. ಬೀದಿಯಿಲ್ಲ, ಗೋಡೆಯಿಲ್ಲ, ಮಂಜಿನಲ್ಲಿ ಬರೀ ಬಾಗಿಲುಗಳು ನಿಂತಿರುತ್ತವೆ. ಒಂದೊಂದನ್ನೇ ತಟ್ಟುತ್ತಾ ಹೋಗುತ್ತಾರೆ.

ಆದರೆ ಕಳೆದ ವಾರ ಕಾರ್ಖಾನೆಯ ಕೆಳಗಿನ ಬೀದಿಯ ಸಭೆಯಲ್ಲಿ ಎಡವಟ್ಟಾಯಿತು. ಹೀಗೇ ನೆಲದ ಮೇಲೆ ಚಿತ್ರ ಬಿಡಿಸಿ, ಮೊದಲು ಬೇಕಾದದ್ದರ ಮೇಲೆ ಒಂದೊಂದು ಬೆಣಚುಕಲ್ಲು ಇಡಿ ಎಂದಿದ್ದರು. ದೊಡ್ಡವರು ಮೊದಲಿಡಲಿ ಎಂದು ಎಲ್ಲರೂ ಹಿಂದೆ ಸರಿದರು. ಬೀದಿಗೆಲ್ಲ ಹಿರಿಯರಾದ ಅಜ್ಜಿ ತಮ್ಮ ಕಲ್ಲನ್ನು ದೀಪದ ಕಂಬದ ಮೇಲಿಟ್ಟರು. ಅವರ ಸೊಸೆ ಅಲ್ಲೇ ಇಟ್ಟಳು. ಪಕ್ಕದ ಮನೆಯ ಸೊಸೆ ಬೇರೆ ಕಡೆ ಇಟ್ಟಾಳೆಯೇ? ಒಬ್ಬರ ಹಿಂದೆ ಒಬ್ಬರು ಇಟ್ಟು, ಕೊನೆಗೆ ಎಲ್ಲ ಕಲ್ಲೂ ದೀಪದ ಮೇಲೇ ಗುಡ್ಡೆಬಿದ್ದವು. ಅಧಿಕಾರಿಣಿ 'ಬೀದಿ ದೀಪ' ಎಂದು ಬರೆದುಕೊಂಡು ಹೋದರು.

ಅಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಇರೋ ದೀಪವೇ ಕಿಟಕಿಯಿಂದ ಕಣ್ಣಿಗೆ ಹೊಡೆಯುತ್ತೆ, ನಿದ್ದೆ ಬರಲ್ಲ ಅಂತ ದಿನಾ ಬೈಕೊಳ್ಳೋ ಬೀದಿ ಇದು. ಇನ್ನೂ ದೀಪ ಯಾಕೆ ಕೇಳ್ತಾರೆ?" ಅಜ್ಜಿಯ ಮನೆಗೆ ಹೋಗಿ, ನೀರು ಕುಡಿದು, ಮೆಲ್ಲಗೆ ವಿಚಾರಿಸಿದರು. ಅಜ್ಜಿ ಕಣ್ಣರಳಿಸಿದರು: "ಯಾವ ದೀಪನಮ್ಮಾ? ನನ್ನ ಮೊಣಕಾಲು ಅಷ್ಟೇ ಬಗ್ಗೋದು. ಕೈಗೆ ಎಟುಕಿದ ಕಡೆ ಇಟ್ಟು ಬಂದೆ."

ನಗು ಬರುವಂಥ ಸಂಗತಿಯೇ. ಆದರೆ ಅಕ್ಕನಿಗೆ ನಗು ಬರಲಿಲ್ಲ. ಈ ಬೀದಿಯ ಹೆಂಗಸರೆಲ್ಲ ಕಾರ್ಖಾನೆಗೆ ಹೋಗುವವರು. ಮಗುವೊಂದರ ಕಾಲಿಗೆ ಕುದಿನೀರು ಬಿದ್ದ ಮೇಲೆ ಅಲ್ಲಿಗೆ ಮಕ್ಕಳನ್ನು ಕರೆತರುವಂತಿಲ್ಲ. ಕಣ್ಣು ಕಾಣದ, ಎದ್ದು ಓಡಾಡಲಾಗದ ಹಿರಿಯರ ಕೈಗೆ ಕೂಸು ಕೊಡುವುದು ಹೇಗೆ? ಹಾಗಾಗಿ ಎಷ್ಟೋ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಒಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾರೆ. ಅದು ಬೀದಿಗೆಲ್ಲ ಗೊತ್ತು. ನಾಲ್ಕು ಜನರ ಮುಂದೆ, ಅದರಲ್ಲೂ ಅತ್ತೆಯ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ.

ನೀವೇ ಅಧಿಕಾರಿಣಿಗೆ ಹೇಳಿಬಿಡಬಹುದಿತ್ತಲ್ಲ ಎಂದರೆ ಅಕ್ಕ ತಲೆಯಾಡಿಸುತ್ತಾರೆ. "ನಾನು ಹೇಳಿದ್ರೆ ಅದು ನನ್ನ ಮಾತಾಗುತ್ತೆ. ನಾಳೆ ಯಾರಾದ್ರೂ ಬಂದು ಹೌದಾ ಅಂತ ಕೇಳಿದ್ರೆ ಇವರು ನಾಚಿಕೆಗೆ ಇಲ್ಲ ಅಂದುಬಿಡ್ತಾರೆ. ಅವರೇ ಹೇಳ್ಬೇಕು." ಅದಕ್ಕೇ ಇನ್ನೊಂದು ಸಲ ಕೇಳೋಣವೆಂದು ಅಧಿಕಾರಿಣಿಯ ಬೆನ್ನುಬಿದ್ದರು. ಅವರೂ ಒಳ್ಳೆಯವರೇ, ಬೆಳಿಗ್ಗೆ ಕಾರ್ಖಾನೆಯ ಸೈರನ್ನಿಗೆ ಮುಂಚೆ ಬರುತ್ತೇನೆಂದು ಒಪ್ಪಿದರು. ಯೋಜನೆಯ ಕಡತ ನಾಳೆ ಮೇಲಿನ ಕಚೇರಿಗೆ ಹೋಗುತ್ತದೆ. ಆಮೇಲೆ ಐದು ವರ್ಷ ಈ ಬೀದಿಯನ್ನು ಯಾರೂ ಏನೂ ಕೇಳುವುದಿಲ್ಲ.

ಈಗ ಹೆಂಗಸರು ಒಬ್ಬೊಬ್ಬರಾಗಿ ಮಂಜಿನೊಳಗಿಂದ ಮೂಡಿ ಬರುತ್ತಿದ್ದಾರೆ. ಮೂಲೆಯಲ್ಲಿ ಅಧಿಕಾರಿಣಿ ಸ್ವೆಟರಿನ ತೋಳಿನಲ್ಲಿ ಆಕಳಿಕೆ ಮುಚ್ಚಿಕೊಳ್ಳುತ್ತಿದ್ದಾರೆ. ಚಿತ್ರಗಳು ಈ ಸಲ ಹೊದಿಕೆಗಳ ಆಚೆ ಇವೆ. ಒಬ್ಬರು ಹೋಗಿ ಕಲ್ಲಿಟ್ಟು ಬಂದ ಮೇಲೆ ಇನ್ನೊಬ್ಬರು. ಕಿರಿಯರು ಮೊದಲು, ಅಜ್ಜಿ ಕೊನೆಗೆ. ಪ್ರತಿಯೊಬ್ಬರು ಈಚೆ ಬಂದಾಗಲೂ ಅಕ್ಕ ಆಚೆ ಹೋಗಿ, ಮುಂದಿನವರಿಗೆ ಕಾಣದಂತೆ ಕಲ್ಲುಗಳ ಮೇಲೆ ಒಂದೊಂದು ಕರವಸ್ತ್ರ ಮುಚ್ಚಿ ಬರುತ್ತಾರೆ. ಅಷ್ಟರಲ್ಲಿ ಬಿಸಿಲು ಹೊದಿಕೆಗಳ ಹಿಂದಿನಿಂದ ಏರುತ್ತದೆ, ಆಚೆ ಹೋದವರ ನೆರಳು ಬಿಳಿ ಬಟ್ಟೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ನೆರಳು ನಿಲ್ಲುತ್ತದೆ, ಅತ್ತಿತ್ತ ನೋಡುತ್ತದೆ, ಬಗ್ಗುತ್ತದೆ. ಗಾಳಿಗೆ ಹೊದಿಕೆ ಅಲುಗಿದಾಗ ಸೋಪಿನ ವಾಸನೆ ಬರುತ್ತದೆ.

ಅಜ್ಜಿಯ ಸರದಿ. "ಒಬ್ಬಳೇ ಹೋಗ್ಬೇಕಾ? ಆಚೆ ಹುಲಿ ಗಿಲಿ ಕಟ್ಟಿದ್ದೀಯೇನೇ?" ಎನ್ನುತ್ತಾರೆ. ಸೊಸೆ ಕೈಹಿಡಿಯಲು ಮುಂದಾದಾಗ ಅಕ್ಕ ಕಣ್ಣಲ್ಲೇ ತಡೆಯುತ್ತಾರೆ. ಚಿತ್ರಗಳ ನಡುವೆ ಸ್ಟೂಲೊಂದನ್ನು ಹಾಕಿ, ಯಾವುದು ಎಲ್ಲಿದೆ ಎಂದು ಅಜ್ಜಿಯ ಕಿವಿಯಲ್ಲಿ ಹೇಳಿ, ಉದ್ದದ ಕೋಲೊಂದನ್ನು ಕೈಗಿತ್ತು ಈಚೆ ಬರುತ್ತಾರೆ. "ಕಲ್ಲನ್ನ ಕೋಲಲ್ಲಿ ತಳ್ಳಿ ಅಜ್ಜಿ, ಬಗ್ಗಬೇಡಿ" ಎಂದು ಕೂಗಿ ಹೇಳುತ್ತಾರೆ. ಮೊಣಕಾಲು ತೀರ್ಮಾನ ಮಾಡಬಾರದಲ್ಲ.

ಕೂತ ನೆರಳು ಬಹಳ ಹೊತ್ತು ಅಲ್ಲಾಡುವುದಿಲ್ಲ. ನಿದ್ದೆ ಹೋದರೇನೋ ಎಂದು ಯಾರೋ ಪಿಸುಗುಟ್ಟುತ್ತಾರೆ. ಆಮೇಲೆ ಕಲ್ಲು ನೆಲಕ್ಕೆ ಉಜ್ಜಿದ ಸಣ್ಣ ಸದ್ದು ಕೇಳಿಸುತ್ತದೆ. ಅಜ್ಜಿ ಹೊದಿಕೆ ಸರಿಸಿಕೊಂಡು ಈಚೆ ಬಂದು ಎಲ್ಲರನ್ನೂ ಒಮ್ಮೆ ನೋಡುತ್ತಾರೆ.

"ನಾನೂ ಚಿಲಕ ಹಾಕ್ಕೊಂಡೇ ಹೋಗ್ತಿದ್ದೆ ಕಣ್ರೇ. ಕೂಸಾಗಿದ್ದ ಇವಳ ಗಂಡನ್ನ ಒಳಗೆ ಬಿಟ್ಟು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಾಳೆ. ಅಜ್ಜಿ ಅವಳ ಬೆನ್ನು ತಟ್ಟುತ್ತಾರೆ. ಸೈರನ್ ಕೂಗುತ್ತದೆ, ಆದರೂ ಯಾರೂ ಹೊರಡುವುದಿಲ್ಲ. ಅಧಿಕಾರಿಣಿ ಹೊದಿಕೆ ಎತ್ತಿ, ಕರವಸ್ತ್ರಗಳನ್ನು ತೆಗೆಯುತ್ತಾರೆ. ನಲ್ಲಿಯ ಮೇಲೆ ಒಂದೆರಡು ಕಲ್ಲು. ಬಸ್ಸಿಗೂ ಬಾಟಲಿಗೂ ನಡುವೆ, ಎರಡರ ಮೇಲೂ ಆಸೆಪಟ್ಟವರದೊಂದು. ದೀಪದ ಮೇಲೆ ಒಂದೂ ಇಲ್ಲ. ಉಳಿದವೆಲ್ಲ ತೊಟ್ಟಿಲಿನ ಮೇಲಿವೆ.

"ಮಕ್ಕಳನ್ನ ನೋಡಿಕೊಳ್ಳೋಕೆ ಒಂದು ಮನೆ, ಒಬ್ಬರು ಆಯಾ. ಈ ಬೀದಿಗೆ ಇದೇ ಮೊದಲು ಅಂತ ಬರೀತೀನಿ" ಎನ್ನುತ್ತಾರೆ ಅಧಿಕಾರಿಣಿ. ಹೆಂಗಸರು ಕಾರ್ಖಾನೆಯ ಹಬೆಯೊಳಗೆ ನಡೆದು ಹೋಗುತ್ತಾರೆ.

ಅಕ್ಕ ನೆಲ ತೊಳೆಯಲು ಬಕೆಟ್ಟು ತರುತ್ತಾರೆ. ಯೋಜನೆಯಲ್ಲಿ ಇವರ ಹೆಸರು ಎಲ್ಲೂ ಬರುವುದಿಲ್ಲ. ಬೇಜಾರಿಲ್ಲವೇ ಎಂದು ಕೇಳಿದರೆ ಪೊರಕೆ ನಿಲ್ಲಿಸಿ ಯೋಚಿಸುತ್ತಾರೆ.

"ಹೆಸರು ತಗೊಂಡು ಏನು ಮಾಡ್ಲಿ? ಆ ಮನೆ ಆದ್ಮೇಲೆ ಒಂದಿನ ಹೊರಗೆ ರಸ್ತೇಲಿ ನಿಂತು, ಒಳಗೆ ಮಕ್ಕಳು ರಚ್ಚೆ ಹಿಡಿದು ಅಳೋದನ್ನ ಕೇಳ್ಬೇಕು. ಮೂವತ್ತು ಬಾಗಿಲು ತಟ್ತೀನಲ್ಲ, ಚಿಲಕ ಹಾಕಿದ ಬಾಗಿಲ ಹಿಂದಿರೋ ಮಕ್ಕಳು ಅಳಲ್ಲ. ಯಾರೂ ಬರಲ್ಲ ಅಂತ ಅವಕ್ಕೆ ಗೊತ್ತಾಗಿಬಿಟ್ಟಿದೆ."